ಆ ತಲೆಗೆ ಅದೇ ದವಡೆ

ಟೆಕ್ಲಾ ಬೋಮನ್ ತೀರಿಕೊಂಡ ಸುದ್ದಿ ನಮ್ಮೂರ ಪತ್ರಿಕೆಯಲ್ಲಿ ಎರಡು ಸಾಲಿನಲ್ಲಿ ಬಂತು. ಎಂಬತ್ತೊಂದು ವರ್ಷ, ಅವಿವಾಹಿತೆ, 'ಹಿಂದೆ ಮ್ಯೂಸಿಯಂನಲ್ಲಿ ಕಸ ಗುಡಿಸುತ್ತಿದ್ದವರು'. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಕಸ ಗುಡಿಸುವುದು ಕೀಳು ಕೆಲಸವೆಂದಲ್ಲ. ನಾನೇ ಅದೇ ಮ್ಯೂಸಿಯಂನಲ್ಲಿ ಇಪ್ಪತ್ತೆಂಟು ವರ್ಷ ಟಿಕೆಟ್ ಹರಿದುಕೊಟ್ಟು, ಬೆಳಿಗ್ಗೆ ಹತ್ತಕ್ಕೊಮ್ಮೆ ಮಧ್ಯಾಹ್ನ ಮೂರಕ್ಕೊಮ್ಮೆ ಕಾಫಿ ಕಾಸಿ, ಎಲ್ಲರ ಕಪ್ಪು ಬಸಿ ತೊಳೆದವಳು. ಆದರೆ ಟೆಕ್ಲಾ ಪೊರಕೆ ಹಿಡಿದದ್ದು ಸೇರಿದ ಮೊದಲ ನಾಲ್ಕು ತಿಂಗಳು, ಆಮೇಲೆ ನಡುವೆ ಒಮ್ಮೆ ಒಂಬತ್ತು ವಾರ, ಅಷ್ಟೇ. ಮಿಕ್ಕ ನಲವತ್ತೆರಡು ವರ್ಷ ಅವಳು ಏನು ಮಾಡುತ್ತಿದ್ದಳೆಂದು ಆ ಬರೆದವನಿಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು. ನಾನಿನ್ನೂ ಬದುಕಿದ್ದೇನೆ, ಬಂದರಿನ ಬೀದಿಯಲ್ಲೇ ಇದ್ದೇನೆ, ಬಾಗಿಲು ತಟ್ಟಿದ್ದರೆ ಕಾಫಿ ಕೊಟ್ಟು ಹೇಳುತ್ತಿದ್ದೆ.

ಅವನು ಬರಲಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಮ್ಮ ಸ್ಟೆನ್‌ವಿಕ್ ಅಂದರೆ ಸ್ಟಾಕ್‌ಹೋಮಿನವರಿಗೆ ನಕ್ಷೆಯ ಮೇಲೆ ನೊಣ ಕೂತ ಜಾಗ. ಆದರೂ ನಮಗೊಂದು ಮ್ಯೂಸಿಯಂ ಇದೆ. ಹಡಗಿನವರು, ಗಣಿಯವರು, ಪಾದ್ರಿಗಳು ದೂರದೂರದಿಂದ ತಂದು ಸುರಿದ ಪ್ರಾಣಿಗಳೆಲ್ಲ ಅಲ್ಲಿವೆ. ಟೆಕ್ಲಾಳ ತಾಯಿ ಬಂದರಿನ ಕಟ್ಟೆಯಲ್ಲಿ ಹೆರಿಂಗ್ ಮೀನು ಸೀಳುತ್ತಿದ್ದಳು. ಟೆಕ್ಲಾ ಎಂಟನೇ ವರ್ಷಕ್ಕೆ ಚಾಕು ಹಿಡಿದಳು. ಇಪ್ಪತ್ತೆರಡಕ್ಕೆ ಮ್ಯೂಸಿಯಂನಲ್ಲಿ ಗುಡಿಸಲು ಸೇರಿದಳು. ಆಗಿನ ಯಜಮಾನರು ಸಾಂದೆಲಿನ್ ಎಂಬ ಮುದುಕರು. ಒಂದು ದಿನ ಅವರು ಅಳಿಲಿನ ತಲೆ ಸುಲಿಯಲು ಹೆಣಗುತ್ತಿದ್ದುದನ್ನು ಇವಳು ಪೊರಕೆ ಹಿಡಿದು ನಿಂತು ನೋಡಿದಳಂತೆ. ನೋಡಿ ನೋಡಿ ಸಾಕಾಗಿ, "ಕೊಡಿ ಇತ್ಲಾಗೆ, ಹಿಂಗೆ ಮಾಡಿದ್ರೆ ನಾಳೆ ಬೆಳಗಾಗತ್ತೆ" ಅಂದಳಂತೆ. ಅವತ್ತಿನಿಂದ ಪೊರಕೆ ಬೇರೆಯವರ ಕೈಗೆ ಹೋಯಿತು.

ಹಿತ್ತಲ ಕೋಣೆಯಲ್ಲಿ ಅವಳಿಗೆ ಒಲೆ ಸಿಕ್ಕಿತು, ಹದಿನಾಲ್ಕು ಬಿಳಿ ಪಾತ್ರೆಗಳು ಸಿಕ್ಕವು. ಪ್ರತಿ ಪಾತ್ರೆಯ ಮೇಲೂ ಕಪ್ಪು ಬಣ್ಣದಲ್ಲಿ ಒಂದು ಅಂಕಿ. ಸತ್ತ ಪ್ರಾಣಿಯ ತಲೆ ಬಂದರೆ ಚರ್ಮ ತೆಗೆದು, ಸಣ್ಣ ಉರಿಯಲ್ಲಿ ಬೇಯಿಸಿ, ಮಾಂಸ ಬಿಡಿಸಿ, ಎಲುಬನ್ನು ಬೆಳ್ಳಗೆ ಮಾಡಿ ಒಣಗಿಸುವುದು. ಹೇಳಲು ಸುಲಭ. ತಲೆ ಒಂದು ಎಲುಬು, ಕೆಳದವಡೆ ಬೇರೆ ಎಲುಬು. ಬೆಂದ ಮೇಲೆ ಎರಡೂ ಬಿಟ್ಟುಕೊಳ್ಳುತ್ತವೆ. ಒಂದೇ ಪಾತ್ರೆಯಲ್ಲಿ ಎರಡು ತಲೆ ಹಾಕಿದರೆ ಯಾವ ದವಡೆ ಯಾರದೆಂದು ದೇವರೇ ಹೇಳಬೇಕು. ಅದಕ್ಕೇ ಟೆಕ್ಲಾಳದು ಒಂದೇ ಹಠ: ಒಂದು ಪಾತ್ರೆಗೆ ಒಂದು ತಲೆ. ಹದಿನೈದನೆಯದು ಬಂದರೆ ಅದು ಕಾಯಬೇಕು. ಯಜಮಾನರೇ ಅವಸರ ಮಾಡಿದರೂ ಕಾಯಬೇಕು.

ಊರಿನವರು ಅವಳಿಗೆ 'ತಲೆ ಬೇಯಿಸೋಳು' ಎಂದು ಹೆಸರಿಟ್ಟರು. ಇಗರ್ಜಿಯಲ್ಲಿ ಅವಳು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ದೀಪಸ್ತಂಭದ ಕಾವಲಿನವನೊಬ್ಬನ ಜೊತೆ ಮದುವೆ ಗೊತ್ತಾಗಿತ್ತು. ಅವನು "ಆ ವಾಸನೆ ಬಿಡು, ಇಲ್ಲಾ ನನ್ನ ಬಿಡು" ಅಂದನಂತೆ. ಇವಳು ಉಂಗುರ ತೆಗೆದು ಅವನ ಮೇಜಿನ ಮೇಲಿಟ್ಟು, "ಮೂಗು ನಿಂದು, ನೀನೇ ನೋಡ್ಕೋ" ಎಂದು ಎದ್ದುಬಂದಳಂತೆ. ಇದನ್ನು ಅವಳು ನನಗೆ ನಗುತ್ತಲೇ ಹೇಳಿದಳು. ನಗು ಪೂರ್ತಿ ಇರಲಿಲ್ಲ ಅನ್ನುವುದು ನನಗೆ ಗೊತ್ತಾಯಿತು.

ನಾನು ಕೆಲಸಕ್ಕೆ ಸೇರಿದ ವಾರವೇ ಅವಳು ನನ್ನನ್ನು ಒಳಗೆ ಕರೆದಳು.

"ಮಾಯ್ಕೆನ್, ಬಾರೇ ಇಲ್ಲಿ. ಬರೀ ಟಿಕೆಟ್ ಹರೀತಾ ಕೂತ್ರೆ ನಿಂಗೂ ಬೂಸಲು ಹಿಡಿಯತ್ತೆ."

ಅವಳ ಕೈಯಲ್ಲಿ ಕಾಲುಚೀಲ ಹೆಣೆಯುವ ಸೂಜಿ. ಎದುರಿಗೆ ಒಂದು ಉದ್ದ ಖಾನೆ. ಖಾನೆಯ ಮುಂದೆ ಹಿತ್ತಾಳೆಯ ಚೌಕಟ್ಟಿನಲ್ಲಿ ನಾಲಗೆ ಹೊರಳದಂಥ ಒಂದು ಪದ: ಹಿಸ್ಟ್ರಿಕೊಮಾರ್ಫಾ.

"ಅಂದ್ರೇನು?" ಅಂದೆ.

"ಮುಳ್ಳುಹಂದಿ ಥರದವು ಅಂತ. ಕಚ್ಚಿ ಅಗಿಯೋ ಪ್ರಾಣಿಗಳಲ್ಲಿ ಅವು ಒಂದು ಮನೆತನ. ತಗೋ ಈ ಹೆಗ್ಗಣದ ತಲೆ. ಕಣ್ಣಿನ ಗುಳಿ ಮುಂದೆ ಒಂದು ಕಿಂಡಿ ಇದೆಯಲ್ಲ, ಸೂಜಿ ತೂರಿಸು."

ತೂರಿಸಲು ನೋಡಿದೆ. ಸೀಳಿನಂಥ ಸಣ್ಣ ಕಿಂಡಿ, ಸೂಜಿ ಅರ್ಧಕ್ಕೆ ಸಿಕ್ಕಿಕೊಂಡಿತು. ಆಮೇಲೆ ಅವಳು ಮುಳ್ಳುಹಂದಿಯ ತಲೆ ಕೊಟ್ಟಳು. ಅದರ ಕಿಂಡಿಯಲ್ಲಿ ಸೂಜಿಯಲ್ಲ, ನನ್ನ ಹೆಬ್ಬೆರಳೇ ಹೋಯಿತು.

"ನೋಡಿದ್ಯಾ? ಅಗಿಯೋಕೆ ದವಡೆ ಎಳೆಯೋ ಮಾಂಸ ಆ ಕಿಂಡಿಯೊಳಗೆ ತೂರಿಕೊಂಡು ಮೂಗಿನ ಪಕ್ಕಕ್ಕೆ ಹೋಗಿ ಅಂಟ್ಕೊಳತ್ತೆ. ಹಿಂಗಿರೋವೆಲ್ಲ ಒಂದೇ ಮನೆತನ. ಗಿನಿಪಿಗ್ಗಿನ ಮೈಮೇಲೆ ಒಂದು ಮುಳ್ಳಾದ್ರೂ ಇದೆಯಾ? ಇಲ್ಲ. ಆದ್ರೂ ಅದು ಈ ಖಾನೆಗೇ. ಇನ್ನು ದವಡೆನ ತಲೆಕೆಳಗು ಮಾಡಿ ನೋಡು. ಹಿಂದಿನ ಮೂಲೆ ಹೊರಕ್ಕೆ ಚಾಚ್ಕೊಂಡಿದೆ. ಹೆಗ್ಗಣದ್ದು ನೆಟ್ಟಗಿದೆ. ದೊಡ್ಡ ಕಿಂಡಿ, ಚಾಚಿದ ದವಡೆ, ಎರಡೂ ಜೊತೆಜೊತೆಗೇ ಇರತ್ತೆ."

"ಯಾವಾಗ್ಲೂನಾ?"

"ಪುಸ್ತಕದವರು ಯಾವಾಗ್ಲೂ ಅಂತಾರೆ. ನಮ್ಮ ಮುದುಕರು ಮಾತ್ರ, ಪದ ನಾವು ಮಾಡಿದ್ದು ಟೆಕ್ಲಾ, ತಲೆ ನಾವು ಮಾಡಿದ್ದಲ್ಲ, ಎರಡೂ ಜಗಳಾಡಿದ್ರೆ ತಲೆ ಕಡೆ ನಿಲ್ಲು ಅಂತಿದ್ರು."

ಸಾಂದೆಲಿನ್ ತೀರಿಕೊಂಡ ಮೇಲೆ ಒಬ್ಬರಾದ ಮೇಲೊಬ್ಬರು ಬಂದರು, ಹೋದರು. ಸಾವಿರದ ಒಂಬೈನೂರ ಐವತ್ತೇಳರಲ್ಲಿ ಡಾಕ್ಟರ್ ವಿಕ್‌ಸ್ಟ್ರಾಂಡ್ ಬಂದರು. ವಯಸ್ಸು ಮೂವತ್ತೈದು, ಇಸ್ತ್ರಿ ಮಾಡಿದ ಬಿಳಿ ಕೋಟು, ಜೀರುಂಡೆಗಳನ್ನು ಓದಿ ಡಾಕ್ಟರ್ ಆದವರು. ಜೀರುಂಡೆ ಬಿಟ್ಟು ಬೇರೆ ಯಾವ ಪ್ರಾಣಿಯ ಮೂಳೆಯನ್ನೂ ಅವರು ಕೈಯಲ್ಲಿ ಹಿಡಿದಿರಲಿಲ್ಲ. ಜೀರುಂಡೆಗೆ ಮೂಳೆಯೇ ಇಲ್ಲವಲ್ಲ! ಆದರೆ ಅವರು ಸೋಮಾರಿಯಲ್ಲ, ಕೆಟ್ಟವರೂ ಅಲ್ಲ. ಬಂದ ತಿಂಗಳಲ್ಲೇ ಗೋಡೆಗೆ ಒಂದು ನಿಯಮ ತೂಗುಹಾಕಿದರು: 'ಪೆಟ್ಟಿಗೆಯ ಯಾವ ಚೀಟಿಯನ್ನೂ ಹರಿಯಕೂಡದು, ಎಸೆಯಕೂಡದು. ತಪ್ಪಿದ್ದರೂ ಉಳಿಯತಕ್ಕದ್ದು. ಹೊಸ ಚೀಟಿಯನ್ನು ಹಳೆಯದರ ಮೇಲಿಡತಕ್ಕದ್ದು.' ಟೆಕ್ಲಾ ಓದಿ, "ಇದು ಸರಿಯಾಗಿದೆ" ಅಂದಳು. ಅವರ ಬಗ್ಗೆ ಅವಳ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು.

ಚೀಟಿಯ ವಿಷಯ ಒಂದು ಹೇಳಬೇಕು. ಪ್ರತಿ ತಲೆಗೂ ಒಂದು ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯಲ್ಲೊಂದು ಚೀಟಿ. ಹೊಡೆದವರ ಹೆಸರು, ಗುರುತಿಸಿದವರ ಹೆಸರು, ಊರು, ತಾರೀಖು. ಬೇಯಿಸಿ ಬಿಡಿಸಿದವಳ ಹೆಸರಿಗೆ ಅದರಲ್ಲಿ ಜಾಗವಿಲ್ಲ. ಸಾವಿರದ ಇನ್ನೂರು ತಲೆ ಬೇಯಿಸಿದ ಟೆಕ್ಲಾಳ ಹೆಸರು ಆ ಮ್ಯೂಸಿಯಂನ ಒಂದು ಚೀಟಿಯ ಮೇಲೂ ಇರಲಿಲ್ಲ. ಅವಳಿಗೆ ಅದು ಬೇಕೂ ಇರಲಿಲ್ಲ. ಮುಂದೆ ಆದದ್ದು ಆಗದಿದ್ದರೆ ಬೇಕಾಗುತ್ತಲೂ ಇರಲಿಲ್ಲ.

ಆ ವರ್ಷದ ಕೊನೆಯಲ್ಲಿ ಟ್ಯುನೀಸಿಯಾದಿಂದ ಒಂದು ಮರದ ಪೆಟ್ಟಿಗೆ ಬಂತು. ಅಲ್ಲಿನ ಗಣಿಯಲ್ಲಿದ್ದ ನಮ್ಮೂರಿನ ಎಂಜಿನಿಯರೊಬ್ಬರು ಕೂಡಿಟ್ಟಿದ್ದು. ಪೆಟ್ಟಿಗೆ ಬರುವ ಮೊದಲೇ ಅವರು ಜ್ವರದಲ್ಲಿ ತೀರಿಕೊಂಡಿದ್ದರು. ಒಣಗಿಸಿ ಬಟ್ಟೆ ಸುತ್ತಿದ ಅರವತ್ತೊಂದು ತಲೆಗಳು, ಜೊತೆಗೆ ಸ್ಪಿರಿಟ್ಟಿನ ಜಾಡಿಯಲ್ಲಿ ಇಡೀ ಪ್ರಾಣಿ ಒಂದು. ಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು: 'ಒಂದರ ತಲೆ ಬಂದೂಕಿನ ಗುಂಡಿಗೆ ಪುಡಿಯಾಯಿತು, ಎಸೆದಿದ್ದೇನೆ.' ಟೆಕ್ಲಾ ಚಳಿಗಾಲವೆಲ್ಲ ಹದಿನಾಲ್ಕು ಹದಿನಾಲ್ಕಾಗಿ ಬೇಯಿಸಿದಳು. ಡಾಕ್ಟರರು ಪುಸ್ತಕ ತೆರೆದಿಟ್ಟುಕೊಂಡು ಒಂದೊಂದನ್ನೇ ಖಾನೆಗೆ ಸೇರಿಸುತ್ತ ಹೋದರು. ನಲವತ್ತೊಂದನೆಯದಕ್ಕೆ ನಿಂತರು.

ಅದು ಬಾಚಣಿಗೆ ಇಲಿ. ನಾವು ಹಾಗೇ ಅನ್ನುತ್ತೇವೆ. ಕಾಲ್ಬೆರಳ ಮೇಲೆ ಬಾಚಣಿಗೆಯಂತೆ ಬಿರುಗೂದಲು, ಗಿನಿಪಿಗ್ಗಿನ ಗಾತ್ರ, ಬಂಡೆಗಳ ಸಂದಿಯಲ್ಲಿ ವಾಸ. ಜಾಡಿಯಲ್ಲಿ ಇದ್ದದ್ದೂ ಅದೇ. ಎರಡೇ ಬಂದಿದ್ದವು.

ಮೂರು ಗಂಟೆಯ ಕಾಫಿಗೆ ಡಾಕ್ಟರರು ಪೆಟ್ಟಿಗೆ ಹಿಡಿದೇ ಬಂದರು. ಆಗ ನಮ್ಮಲ್ಲಿ ದೊಡ್ಡವರನ್ನು 'ನೀವು' ಅನ್ನುವಂತಿರಲಿಲ್ಲ. ಎದುರಿಗೇ ಕೂತವರನ್ನು 'ಡಾಕ್ಟರರಿಗೆ ಸಕ್ಕರೆ ಬೇಕಾ' ಎಂದು ಪಕ್ಕದ ಮನೆಯವರ ಬಗ್ಗೆ ವಿಚಾರಿಸುವಂತೆ ಕೇಳಬೇಕಿತ್ತು. ಅವರೂ ನಮ್ಮನ್ನು ಹಾಗೇ ಕರೆಯುತ್ತಿದ್ದರು.

"ಬೋಮನ್ ಇದನ್ನ ನೋಡಲಿ" ಅಂದರು. "ತಲೆಯಲ್ಲಿ ದೊಡ್ಡ ಕಿಂಡಿ ಇದೆ. ಅಂದ್ರೆ ಹಿಸ್ಟ್ರಿಕೊಮಾರ್ಫಾ. ಆದ್ರೆ ದವಡೆ ನೆಟ್ಟಗಿದೆ. ಇದು ಬೇರೆ ಪ್ರಾಣಿಯ ದವಡೆ."

ಟೆಕ್ಲಾ ಸಕ್ಕರೆ ಉಂಡೆ ಹಲ್ಲಿನಲ್ಲಿ ಕಚ್ಚಿಕೊಂಡು ಬಸಿಯಿಂದ ಕಾಫಿ ಹೀರುತ್ತಿದ್ದಳು. ಬಸಿ ಇಳಿಸಿದಳು. "ಅಲ್ಲ ಡಾಕ್ಟ್ರೇ. ಅದು ಅದರದೇ ದವಡೆ. ಒಂಬತ್ತನೇ ಪಾತ್ರೆ. ನಾನೂ ನೋಡಿ ಇದೇನಪ್ಪಾ ಹಿಂಗಿದೆ ಅಂದ್ಕೊಂಡೆ. ಹಲ್ಲಿಗೆ ಹಲ್ಲು ಕೂರಿಸಿ ನೋಡಿದೆ, ಬಾಗಿಲು ಮುಚ್ಚಿದ ಹಾಗೆ ಕೂತ್ಕೊಳತ್ತೆ."

"ಹಾಗೆ ಇರೋದು ಸಾಧ್ಯವಿಲ್ಲ. ಕೋಷ್ಟಕದಲ್ಲಿ ಇಲ್ಲ."

"ಕೋಷ್ಟಕ ಬರೆದವರು ಒಂಬತ್ತನೇ ಪಾತ್ರೆ ನೋಡಿಲ್ಲ."

ಬಾಗಿಲ ಬಳಿ ಕೂತಿದ್ದ ಕಾವಲುಗಾರ ಯಾರ್ಲ್ ಕೆಮ್ಮಿದ.

"ಅರವತ್ತೊಂದು ತಲೆ, ಅರವತ್ತೊಂದು ದವಡೆ" ಅಂದಳು ಟೆಕ್ಲಾ. "ಬೆರೆಸಿದ್ರೆ ಇನ್ನೊಂದು ತಲೆಗೂ ತಪ್ಪು ದವಡೆ ಇರಬೇಕಲ್ಲ? ಎಲ್ಲಿ, ತೋರಿಸಲಿ ಡಾಕ್ಟರರು."

ಅವರು ಪಟ್ಟಿ ತೆಗೆದರು. ಗುಂಡಿಗೆ ಪುಡಿಯಾದ ತಲೆ ಒಂದಿತ್ತಲ್ಲ, ಅದರ ದವಡೆ ಹೇಗೋ ಬಟ್ಟೆಯೊಳಗೆ ಸೇರಿಕೊಂಡು ಬಂದಿರಬೇಕು, ಬೋಮನ್ ನೋಡದೆ ಅದನ್ನು ಈ ತಲೆಗೆ ಜೋಡಿಸಿರಬೇಕು, ಈ ತಲೆಯ ನಿಜವಾದ ದವಡೆ ಕುದಿಯುವಾಗ ಕಳೆದಿರಬೇಕು. ಎಷ್ಟು 'ಬೇಕು'ಗಳು! ಓದಿದವರಿಗೆ ಪುಸ್ತಕ ಸುಳ್ಳಾಗುವುದಕ್ಕಿಂತ ಇನ್ನೊಬ್ಬರ ಕೈ ತಪ್ಪುವುದು ಸಲೀಸು.

ಅವರು ಅಲ್ಲೇ ಚೀಟಿ ಬರೆದರು. 'ದವಡೆ ಈ ತಲೆಯದಲ್ಲ. ಬೇಯಿಸಿದ ಟೆಕ್ಲಾ ಬೋಮನ್ ಅವರ ತಪ್ಪು. — ವಿಕ್‌ಸ್ಟ್ರಾಂಡ್.' ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಅವಳ ಹೆಸರು ಚೀಟಿಯ ಮೇಲೆ ಬಂತು, ಹೀಗೆ ಬಂತು.

"ಬೋಮನ್ ಇದರ ಕೆಳಗೆ ಒಪ್ಪಿದ್ದೇನೆ ಅಂತ ರುಜು ಹಾಕಲಿ."

"ಹಾಕಲ್ಲ."

"ಒಂದು ತಪ್ಪು ಯಾರಿಗಾದ್ರೂ ಆಗತ್ತೆ. ಒಪ್ಪಿಕೊಂಡ್ರೆ ಇಲ್ಲಿಗೆ ಮುಗೀತು. ಒಪ್ಪದಿದ್ರೆ ಬೋಮನ್ ಮಾಡಿದ್ದೆಲ್ಲವನ್ನೂ ನಾನು ಅನುಮಾನದಿಂದ ನೋಡಬೇಕಾಗತ್ತೆ."

"ತಪ್ಪು ಮಾಡಿದ್ರೆ ನಾನೇ ಮೊದಲು ಹೇಳ್ತಿದ್ದೆ. ಮಾಡಿಲ್ಲ. ರುಜು ಹಾಕಲ್ಲ." ಬಸಿ ಎತ್ತಿ ಉಳಿದ ಕಾಫಿ ಕುಡಿದಳು.

ಮಾರನೇ ದಿನವೇ ಒಲೆಯ ಕೋಣೆಗೆ ಬೀಗ ಬಿತ್ತು. ಟೆಕ್ಲಾಳ ಕೈಗೆ ಪೊರಕೆ ಬಂತು, ಗರಿಯ ಕುಂಚ ಬಂತು, ಹುಲ್ಲು ತುಂಬಿದ ಹಕ್ಕಿಗಳ ಧೂಳು ಒರೆಸುವ ಕೆಲಸ ಬಂತು. ಡಾಕ್ಟರರು ಕೆಂಪು ಶಾಯಿ ತರಿಸಿದರು. ಅವಳು ಬೇಯಿಸಿದ ಪ್ರತಿ ತಲೆಯ ಪೆಟ್ಟಿಗೆಯ ಮೇಲೂ ಒಂದು ಕೆಂಪು ಚುಕ್ಕೆ. ಕೆಂಪು ಚುಕ್ಕೆ ಅಂದರೆ ನಂಬಬೇಡಿ ಅಂತ. ದಿನಕ್ಕೆ ನಲವತ್ತು, ಐವತ್ತು. ಏಪ್ರಿಲ್ಲಿನಲ್ಲಿ ಮ್ಯೂಸಿಯಂ ಸಂಘದ ವಾರ್ಷಿಕ ಸಭೆ. ಅಷ್ಟರೊಳಗೆ ರುಜು ಹಾಕದಿದ್ದರೆ ಕೆಲಸದಿಂದ ತೆಗೆಯಲು ಸಂಘವನ್ನು ಕೇಳುವುದಾಗಿ ಡಾಕ್ಟರರು ಕಾಗದ ಕೊಟ್ಟರು.

ಆ ಒಂಬತ್ತು ವಾರ ನನಗೆ ಊಟ ಸೇರಲಿಲ್ಲ. ಅವಳು ಮಾತ್ರ ಗುರುವಾರದ ಬಟಾಣಿ ಸಾರನ್ನು ಎರಡು ಬಟ್ಟಲು ಕುಡಿಯುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಅವಳು ಏಣಿಯ ಮೇಲೆ ನಿಂತು ಕಡಲಹದ್ದಿನ ರೆಕ್ಕೆ ಒರೆಸುತ್ತಿದ್ದಳು.

"ಟೆಕ್ಲಾ, ಹಾಕ್ಬಿಡೇ ರುಜು. ಒಂದು ಗೀಟು. ಇಲಿ ದವಡೆಗೋಸ್ಕರ ಯಾರಾದ್ರೂ ಅನ್ನ ಕಳ್ಕೋತಾರಾ?"

ಅವಳು ಕೆಳಗಿಳಿದಳು. ಕೋಪ ಬಂದಾಗ ಅವಳ ಕತ್ತು ಕೆಂಪಾಗುತ್ತಿತ್ತು.

"ನೀನೂ ಹಿಂಗಂದ್ಯಲ್ಲೇ ಮಾಯ್ಕೆನ್! ಇಲಿ ದವಡೆನಾ ಇದು? ನನ್ನ ಮನೇಲಿ ಏನಿದೆ ಹೇಳು? ಗಂಡನಾ, ಮಕ್ಕಳಾ? ಇರೋದು ಒಂದೇ. ನಾನು ಇದು ಅದರದು ಅಂದ್ರೆ ಅದು ಅದರದೇ. ಸಾವಿರದ ಇನ್ನೂರು ಸಲ ಹಂಗಂದಿದೀನಿ. ಇವತ್ತು ಒಂದು ಸಲ ಸುಳ್ಳು ಹೇಳಿದ್ರೆ ಅಷ್ಟೂ ಹೋಯ್ತು. ಆ ಕೆಂಪು ಚುಕ್ಕೆ ಇಡೋಕೆ ಆಗ ಅವರು ಬೇಡ, ನಾನೇ ಇಟ್ಟ ಹಾಗೆ."

ನನಗೆ ನಾಚಿಕೆಯಾಯಿತು. ಇವತ್ತಿಗೂ ಆಗುತ್ತದೆ.

ಸಭೆಯ ದಿನ ಏಳು ಮಂದಿ ಸದಸ್ಯರು ಕಾಫಿ ಕೋಣೆಯ ಉದ್ದ ಮೇಜಿನ ಸುತ್ತ ಕೂತರು. ಅಧ್ಯಕ್ಷರು ಔಷಧದಂಗಡಿಯ ಹೆಲ್‌ಗ್ರೆನ್, ದಪ್ಪ ಕನ್ನಡಕದವರು. ನಾನು ಏಳು ಬಗೆ ಬಿಸ್ಕತ್ತು ಮಾಡಿಟ್ಟಿದ್ದೆ. ಆರು ಮಾಡಿದರೆ ನಮ್ಮೂರಲ್ಲಿ ಜಿಪುಣಿ ಅನ್ನುತ್ತಾರೆ, ಎಂಟು ಮಾಡಿದರೆ ಜಂಬಗಾತಿ ಅನ್ನುತ್ತಾರೆ. ಡಾಕ್ಟರರು ಎದ್ದು ನಿಂತು ನಲವತ್ತೊಂದನೆಯ ಪೆಟ್ಟಿಗೆ ಮೇಜಿನ ಮೇಲಿಟ್ಟು ವಿಷಯ ಹೇಳತೊಡಗಿದರು. ಕಿಂಡಿ, ದವಡೆ, ಕೋಷ್ಟಕ, ಹಟಮಾರಿ ಕೆಲಸದವಳು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಟೆಕ್ಲಾ ಬಿಳಿ ಏಪ್ರನ್ ಕಟ್ಟಿದ್ದಳು. ಒಂದು ಕೈಯಲ್ಲಿ ಸ್ಪಿರಿಟ್ಟಿನ ಜಾಡಿ, ಇನ್ನೊಂದರಲ್ಲಿ ತಾಯಿಯ ಮೀನು ಸೀಳುವ ಚಾಕು. ಒಲೆಯ ಕೋಣೆಯ ಬೀಗದ ಕೈ ಕಿತ್ತುಕೊಂಡವರಿಗೆ ಜಾಡಿಗಳ ಬೀರುವಿನ ಕೀಲಿ ನೆನಪಾಗಿರಲಿಲ್ಲ. ಅವಳು ನನ್ನ ಬಾದಾಮಿ ಬಿಸ್ಕತ್ತಿನ ತಟ್ಟೆ ಸರಿಸಿ, ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ, ಜಾಡಿಯ ಮುಚ್ಚಳ ತಿರುಗಿಸಿದಳು. ಘಾಟು ಕೋಣೆಯೆಲ್ಲ ತುಂಬಿತು.

"ಬೋಮನ್ ಅದನ್ನ ಮುಟ್ಟಕೂಡದು!" ಡಾಕ್ಟರರು ಕೂಗಿದರು. "ಅದೊಂದೇ ಉಳಿದಿರೋದು!"

"ನನ್ನ ಹೆಸರೂ ಒಂದೇ ಉಳಿದಿರೋದು" ಅಂದಳು ಟೆಕ್ಲಾ. "ಇದನ್ನ ಕುಯ್ದ ಮೇಲೆ ನನ್ನ ಕೆಲಸದಿಂದ ತೆಗೀರಿ, ಬೇಡ ಅನ್ನಲ್ಲ. ಮೊದಲು ನೋಡಿ. ಹೆಲ್‌ಗ್ರೆನ್ ಸಾಹೇಬ್ರು ಕನ್ನಡಕ ಒರೆಸ್ಕೊಳ್ಳಲಿ."

ಅಧ್ಯಕ್ಷರು ನಿಜವಾಗಿಯೂ ಕನ್ನಡಕ ಒರೆಸಿಕೊಂಡರು. "ಒಳ್ಳೇ ಸ್ಪಿರಿಟ್ಟು ಕಣ್ರೀ" ಅಂದರು, ಯಾರಿಗೂ ಅಲ್ಲ. ಡಾಕ್ಟರರು ಮುಂದೆ ಬಂದರು. ಬಾಗಿಲಲ್ಲಿದ್ದ ಯಾರ್ಲ್ ತನ್ನ ದೊಡ್ಡ ಮೈಯನ್ನು ಮೇಜಿಗೂ ಅವರಿಗೂ ನಡುವೆ ತಂದು ನಿಲ್ಲಿಸಿ, "ಡಾಕ್ಟರರಿಗೆ ಕುರ್ಚಿ ಬೇಕಾ?" ಅಂದ. ಅವರು ಕೂತರು.

ಟೆಕ್ಲಾ ಪ್ರಾಣಿಯ ಕೆನ್ನೆಯ ಚರ್ಮವನ್ನು ಹಣ್ಣಿನ ಸಿಪ್ಪೆಯಂತೆ ತೆಗೆದಳು. ಒಳಗೆ ಮಾಸಲು ಬಣ್ಣದ ಮಾಂಸ. ಚಾಕುವಿನ ತುದಿಯಿಂದ ಅದರ ಅಂಚು ಬಿಡಿಸುತ್ತ ಹೋದಳು. ಆಮೇಲೆ ಏಪ್ರನ್ ಜೇಬಿನಿಂದ ಹೆಣಿಗೆ ಸೂಜಿ ತೆಗೆದು ಆ ಮಾಂಸದ ಜೊತೆಜೊತೆಗೇ ಒಳಗೆ ತೂರಿಸಿದಳು.

"ಸೂಜಿ ಎಲ್ಲಿಂದ ಹೋಯ್ತು, ಎಲ್ಲಿ ಬಂತು?"

"ಕಣ್ಣಿನ ಕಡೆಯಿಂದ ಹೋಯ್ತು" ಅಂದರು ಹೆಲ್‌ಗ್ರೆನ್, ಪಾಠ ಒಪ್ಪಿಸುವ ಹುಡುಗನ ಹಾಗೆ. "ಮೂಗಿನ ಪಕ್ಕ ಬಂತು."

"ಅಲ್ಲಿಗೆ ಇದು ಮುಳ್ಳುಹಂದಿ ಮನೆತನದ ಕಿಂಡಿ. ಡಾಕ್ಟರರೂ ಅದನ್ನೇ ಅಂದಿದ್ದು. ಅದರಲ್ಲಿ ಜಗಳ ಇಲ್ಲ. ಇನ್ನು ದವಡೆ." ಅವಳು ಚಾಕುವಿನ ಹಿಡಿಯನ್ನು ಡಾಕ್ಟರರ ಕಡೆ ತಿರುಗಿಸಿ ಚಾಚಿದಳು. "ದವಡೆನ ನಾನು ಬಿಚ್ಚಲ್ಲ. ನಾನು ಬಿಚ್ಚಿದ್ರೆ ಅದರಲ್ಲೂ ಏನೋ ಬೆರೆಸಿದ್ಲು ಅಂತೀಯ. ನೀನೇ ಬಿಚ್ಚು."

ನೀನು! ಡಾಕ್ಟರರಿಗೆ! ಸಭೆಯಲ್ಲಿ ಯಾರೋ ಬಿಸ್ಕತ್ತು ಬೀಳಿಸಿದರು.

ಡಾಕ್ಟರರ ಮುಖ ಬಿಳಿಚಿತ್ತು. ಆದರೆ ಚಾಕು ತೆಗೆದುಕೊಂಡರು, ಅದನ್ನು ನಾನು ಅವರ ಲೆಕ್ಕಕ್ಕೆ ಹಿಡಿಯುತ್ತೇನೆ. ಜೀರುಂಡೆಯ ಕಾಲು ಬಿಡಿಸಿ ಅಭ್ಯಾಸವಾದ ಕೈ, ನಾಜೂಕಾಗಿ ಕೆಲಸ ಮಾಡಿತು. ನನ್ನ ಕಾಫಿ ಒಲೆಯ ಮೇಲೆ ಉಕ್ಕಿ ಸುಟ್ಟಿತು, ನಾನೂ ಏಳಲಿಲ್ಲ. ಕೀಲು ಬಿಟ್ಟಿತು. ಅವರು ದವಡೆಯನ್ನು ಕರವಸ್ತ್ರದಲ್ಲಿ ಒರೆಸಿ, ಹಿಂದಿನ ಮೂಲೆಯ ಮಾಂಸ ಕೆರೆದು, ತಲೆಕೆಳಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದರು.

ನೆಟ್ಟಗಿತ್ತು. ನಲವತ್ತೊಂದರ ದವಡೆಯನ್ನು ಪಕ್ಕದಲ್ಲಿಟ್ಟರು. ಎರಡೂ ಒಂದೇ ಅಚ್ಚು.

ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಅವರ ಕಿವಿ ಕೆಂಪಾಗುವುದು ನನಗೆ ಕಾಣುತ್ತಿತ್ತು. ಕೊನೆಗೆ, "ಕಿಂಡಿ ಮುಳ್ಳುಹಂದಿ ಮನೆತನದ್ದು, ದವಡೆ ಹೆಗ್ಗಣದ ಮನೆತನದ್ದು" ಅಂದರು. "ಇಂಥದ್ದು ಇರೋದೇ ಹೌದು. ದವಡೆ ಅದರದೇ. ತಪ್ಪು ನನ್ನದು, ಬೋಮನ್‌ದಲ್ಲ."

ಅಷ್ಟಕ್ಕೇ ಮುಗಿಯಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಗಿಸುತ್ತಿದ್ದರು. ಡಾಕ್ಟರರು ಪೆಟ್ಟಿಗೆಯಿಂದ ತಮ್ಮ ಚೀಟಿ ತೆಗೆದು ಹರಿಯಲು ಹೋದರು. ಟೆಕ್ಲಾ ಮಣಿಕಟ್ಟು ಹಿಡಿದುಕೊಂಡಳು.

"ಎಸೆಯಂಗಿಲ್ಲ."

"ಅದು ತಪ್ಪು ಚೀಟಿ. ನಿಮ್ಮ ಮೇಲೆ ಸುಳ್ಳು ಹೇಳತ್ತೆ." ಅವರೂ ಮೊದಲ ಸಲ 'ನಿಮ್ಮ' ಅಂದಿದ್ದರು.

"ಗೋಡೆ ಮೇಲೆ ಏನು ಬರೆದಿದೆ? ತಪ್ಪಿದ್ದರೂ ಉಳಿಯತಕ್ಕದ್ದು. ನಂದು ತಪ್ಪು ಅಂತ ಉಳೀಬೇಕಿತ್ತಲ್ಲ, ಈಗ ನಿಮ್ಮದು ತಪ್ಪು ಅಂತ ಉಳೀಲಿ. ಇನ್ನೊಂದು ಬರೀರಿ, ಮೇಲಿಡಿ."

ಅವರು ಕೂತು ಬರೆದರು. 'ದವಡೆ ಈ ತಲೆಯದೇ. ತೋರಿಸಿಕೊಟ್ಟವರು: ಟೆಕ್ಲಾ ಬೋಮನ್. ನೋಡಿ ಒಪ್ಪಿದವನು: ವಿಕ್‌ಸ್ಟ್ರಾಂಡ್.' ರುಜು ಅವರೇ ಹಾಕಿದರು. ಟೆಕ್ಲಾ ಎರಡು ಸಲ ಓದಿ, ಶಾಯಿ ಆರುವವರೆಗೂ ಊದಿ, ಹಳೆಯದರ ಮೇಲಿಟ್ಟಳು. ಆಮೇಲೆ ಪತ್ರಿಕೆ ಸುತ್ತಿಕೊಂಡು, ಬಾದಾಮಿ ಬಿಸ್ಕತ್ತಿನ ತಟ್ಟೆ ಇದ್ದ ಜಾಗಕ್ಕೇ ಇಟ್ಟು, ಒಲೆಯ ಕೋಣೆಯ ಬೀಗದ ಕೈಗೆ ಕೈ ಚಾಚಿದಳು. ಡಾಕ್ಟರರು ಕೊಟ್ಟರು. ಕೆಲಸದಿಂದ ತೆಗೆಯುವ ಮಾತನ್ನು ಯಾರೂ ಎತ್ತಲಿಲ್ಲ. ಹೆಲ್‌ಗ್ರೆನ್ ಸಾಹೇಬರು ಕಾಫಿ ಯಾಕಿಷ್ಟು ಸೀದಿದೆ ಎಂದು ನನ್ನನ್ನು ಕೇಳಿದರು.

ಕೆಂಪು ಚುಕ್ಕೆಗಳನ್ನು ಡಾಕ್ಟರರೇ ಬ್ಲೇಡಿನಿಂದ ಕೆರೆದರು, ಸಾವಿರದ ಇನ್ನೂರನ್ನೂ. ಐದು ವಾರ ಹಿಡಿಯಿತು. ಯಾರ್ಲ್ ಸಹಾಯಕ್ಕೆ ಹೋದರೆ ಬೇಡವೆಂದರು. ಮೂರು ಗಂಟೆಯ ಕಾಫಿಯನ್ನು ನಾನು ಅವರಿಗೆ ಖಾನೆಗಳ ಬಳಿಗೇ ಒಯ್ದು ಕೊಡುತ್ತಿದ್ದೆ. ಮೊದಲ ವಾರ ಬೇಕೆಂದೇ ತಣ್ಣಗೆ ಕೊಟ್ಟೆ. ಆಮೇಲೆ ಪಾಪ ಅನ್ನಿಸಿತು.

ಬಾಚಣಿಗೆ ಇಲಿಗೆ ಹಿಸ್ಟ್ರಿಕೊಮಾರ್ಫಾ ಖಾನೆಯಲ್ಲೂ ಜಾಗ ಸರಿಹೋಗಲಿಲ್ಲ, ಹೆಗ್ಗಣಗಳ ಖಾನೆಯಲ್ಲೂ ಸರಿಹೋಗಲಿಲ್ಲ. ಅದಕ್ಕೆಂದೇ ಯಾರ್ಲ್ ಬೀರುವಿನ ತುದಿಯಲ್ಲಿ ಒಂದು ಪುಟ್ಟ ಖಾನೆ ಮಾಡಿಕೊಟ್ಟ. ನಿಜ ಹೇಳಬೇಕೆಂದರೆ ದೊಡ್ಡ ಊರುಗಳ ಪಂಡಿತರಿಗೆ ಈ ದವಡೆಯ ಜಗಳ ಮೊದಲೇ ಗೊತ್ತಿತ್ತಂತೆ. ಅವರು ಬರೆದ ಪುಸ್ತಕ ನಮ್ಮ ಮ್ಯೂಸಿಯಂಗೆ ಬಂದಿರಲಿಲ್ಲ, ಅಷ್ಟೇ. ಟೆಕ್ಲಾ ಅದನ್ನು ಕೇಳಿ, "ಅವರಿಗೂ ಯಾರೋ ಬೇಯಿಸಿಕೊಟ್ಟಿರ್ತಾರೆ" ಅಂದಳು. ಇನ್ನೂ ಹನ್ನೊಂದು ವರ್ಷ ಒಂದು ಪಾತ್ರೆಗೆ ಒಂದು ತಲೆಯಂತೆ ಬೇಯಿಸಿ, ಅರವತ್ತೈದಕ್ಕೆ ಹದಿನಾಲ್ಕೂ ಪಾತ್ರೆ ತೊಳೆದು ಬೋರಲಿಟ್ಟು ಮನೆಗೆ ಹೋದಳು.

ಈಗ ಪತ್ರಿಕೆಯ ವಿಷಯ. ಆ ಎರಡು ಸಾಲು ಹಿಡಿದು ನಾನು ಅವರ ಕಚೇರಿಗೆ ಹೋದೆ. ಮೇಜಿನ ಹಿಂದೆ ಒಬ್ಬಳು ಚಿಕ್ಕ ವಯಸ್ಸಿನವಳು.

"ತಪ್ಪಾಗಿದೆ, ತಿದ್ದಿ ಹಾಕು" ಅಂದೆ.

"ಅಯ್ಯೋ, ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿದೆಯಲ್ಲ ಅಜ್ಜಿ, ಯಾರು ನೋಡ್ತಾರೆ?"

"ನಾನು ನೋಡ್ತೀನಿ. ತಿದ್ದೋವರೆಗೂ ಇಲ್ಲೇ ಕೂತಿರ್ತೀನಿ. ಬುತ್ತಿ ತಂದಿದೀನಿ."

ತಂದಿದ್ದೆ. ಬಿಚ್ಚಿ ತೋರಿಸಿದೆ. ಅವಳು ನಗಲಾರದೆ ನಕ್ಕಳು, ಪೆನ್ನು ತೆಗೆದಳು. "ಸರಿ, 'ಗುಡಿಸುತ್ತಿದ್ದವರು' ತೆಗೀತೀನಿ. ಅದರ ಬದಲು ಏನಂತ ಹಾಕಲಿ?"

ದಾರಿಯುದ್ದಕ್ಕೂ ಯೋಚಿಸಿದ ದೊಡ್ಡ ದೊಡ್ಡ ಮಾತುಗಳಿದ್ದವು. ಒಂದೂ ಬಾಯಿಗೆ ಬರಲಿಲ್ಲ. ಊರಿನವರು ಅವಳಿಗೆ ಇಟ್ಟ ಹೆಸರೇ ಬಂತು.

"ತಲೆ ಬೇಯಿಸುತ್ತಿದ್ದವರು ಅಂತ ಹಾಕು" ಅಂದೆ. "ಸಾವಿರಾರು ಬೇಯಿಸಿದರು, ಒಂದು ದವಡೆಯೂ ಬದಲಾಗಲಿಲ್ಲ ಅಂತ ಹಾಕು."

ಶನಿವಾರ ಹಾಗೇ ಅಚ್ಚಾಯಿತು. ಸೋಮವಾರ ಅದನ್ನು ಕತ್ತರಿಯಿಂದ ಚೀಟಿಯ ಅಳತೆಗೆ ಕತ್ತರಿಸಿಕೊಂಡು ಮ್ಯೂಸಿಯಂಗೆ ಹೋದೆ. ನಾನು ಅಲ್ಲಿ ಟಿಕೆಟ್ ತೆಗೆದುಕೊಳ್ಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ತುದಿಯ ಪುಟ್ಟ ಖಾನೆ ಎಳೆದೆ, ನಲವತ್ತೊಂದನೆಯ ಪೆಟ್ಟಿಗೆ ತೆರೆದೆ. ತಲೆಯ ಕೆಳಗೆ ದವಡೆ, ದವಡೆಯ ಕೆಳಗೆ ಎರಡು ಚೀಟಿ. ನನ್ನದನ್ನು ಮೇಲಿಟ್ಟೆ.

ಈಗ ಅಲ್ಲಿ ಮೂರಿವೆ. ಒಂದನ್ನೂ ಎಸೆಯುವಂತಿಲ್ಲ.